ಸದ್ದಿಲ್ಲ

ನಮ್ಮ ಊರಿನ ನೀರಿಗೆ ನಾಚಿಕೆ ಎಂಬುದಿಲ್ಲ. ಗ್ಲಾಸು ತೊಳೆದು ಬೋರಲು ಹಾಕಿದರೆ ಒಣಗುವಷ್ಟರಲ್ಲಿ ಬಿಳಿ ಕಲೆ. ತಲೆಗೆ ಹಾಕಿಕೊಂಡರೆ ಕೂದಲು ನಾರು. ಸೋಪು ಎಷ್ಟು ಉಜ್ಜಿದರೂ ನೊರೆ ಏಳುವುದಿಲ್ಲ, ಎದ್ದರೆ ಹೋಗುವುದಿಲ್ಲ. ಊರಿನವರೆಲ್ಲ ಈ ನೀರಿಗೆ ಬೈಯುತ್ತಾರೆ. ನಾವು ಮಾತ್ರ ಬೈಯುವಂತಿಲ್ಲ, ನಮ್ಮ ಹೊಟ್ಟೆ ತುಂಬುವುದು ಅದರಿಂದಲೇ. ಗಡಸು ನೀರನ್ನು ಕಾಯಿಸಿದಾಗ ಅದರೊಳಗಿನ ಸುಣ್ಣ ಬೇರೆಯಾಗಿ ಗೀಸರಿನ ಕಾಯಿಲಿಗೆ ಹತ್ತಿಕೊಳ್ಳುತ್ತದೆ. ದಿನಕ್ಕೆ ಒಂದು ಪೊರೆ, ಕಣ್ಣಿಗೆ ಕಾಣದಷ್ಟು. ಎರಡು ವರ್ಷ ಬಿಟ್ಟರೆ ಬೆರಳು ದಪ್ಪ. ಆಮೇಲೆ ಚಕ್ಕೆಯಾಗಿ ಉದುರಿ ತಳದಲ್ಲಿ ಕೂರುತ್ತದೆ. ಅದನ್ನು ಬಿಚ್ಚಿ, ಕೆರೆದು, ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ತೊಳೆಯುವುದು ನನ್ನ ಅಣ್ಣನ ಕಸುಬು. ಮೂವತ್ತೈದು ವರ್ಷ ಅದನ್ನೇ ಮಾಡಿದ್ದಾನೆ.

ಆದರೆ ಅಣ್ಣನಿಗೆ ಹೆಸರು ಬಂದದ್ದು ಕೈಯಿಂದಲ್ಲ, ಕಿವಿಯಿಂದ. ಸುಣ್ಣ ಕಟ್ಟಿದ ಗೀಸರು ಸುಮ್ಮನಿರುವುದಿಲ್ಲ. ಚಕ್ಕೆಯ ಕೆಳಗೆ ಸಿಕ್ಕಿಬಿದ್ದ ನೀರು ಕುದಿದು, ದಾರಿ ಕಾಣದೆ ಗುದ್ದಾಡಿಕೊಂಡು ಮೇಲೆ ಬರುತ್ತದೆ. ಆಗ ಗೊಟಗೊಟ ಎಂಬ ಸದ್ದು. ಮೊದಮೊದಲು ಅದು ಎಷ್ಟು ಸಣ್ಣದೆಂದರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಅಣ್ಣ ಗೀಸರಿನ ಸ್ವಿಚ್ಚು ಹಾಕಿಸಿ, ಕಾಲು ಗಂಟೆ ಕಾಯಿಸಿ, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಬುಡದ ಬೋಲ್ಟಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮನೆಯವರು ಉಸಿರು ಬಿಗಿಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದರು. ಕೊನೆಗೆ ಅಣ್ಣನ ಬಾಯಿಂದ ಎರಡರಲ್ಲಿ ಒಂದು ಮಾತು ಬರುತ್ತಿತ್ತು. ಸದ್ದಿದೆ, ಅಥವಾ ಸದ್ದಿಲ್ಲ.

ಸದ್ದಿದ್ದರೆ ಬಿಚ್ಚುತ್ತಿದ್ದ. ಇಲ್ಲದಿದ್ದರೆ ಯಾರು ಎಷ್ಟೇ ಹೇಳಿದರೂ ಮುಟ್ಟುತ್ತಿರಲಿಲ್ಲ. ಹಳೇ ಗೀಸರು ಹಳೇ ಜಗಳ ಇದ್ದಂತೆ, ಸುಮ್ಮಸುಮ್ಮನೆ ಬಿಚ್ಚಬಾರದು ಎನ್ನುವುದು ಅವನ ಮಾತು. ಬಿಚ್ಚಿದರೆ ಬೋಲ್ಟು ಮುರಿಯುತ್ತದೆ, ವಾಷರು ಪುಡಿಯಾಗುತ್ತದೆ, ಸೋರದಿದ್ದದ್ದು ಸೋರತೊಡಗುತ್ತದೆ. ಬೇರೆ ಮೆಕ್ಯಾನಿಕ್‌ಗಳು ಹೋದಲ್ಲೆಲ್ಲ ಬಿಚ್ಚುತ್ತಿದ್ದರು. ಅಣ್ಣ ಕೇಳುತ್ತಿದ್ದ. ಪ್ರತಿ ಗೀಸರಿನ ಕೊಳವೆಗೂ ತಂತಿಯಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿ, ತಾರೀಕಿನ ಎದುರು ಆ ಎರಡು ಮಾತುಗಳಲ್ಲಿ ಒಂದನ್ನು ಬರೆಯುತ್ತಿದ್ದ. ಡಾಕ್ಟರ ಚೀಟಿಗೂ ಇಷ್ಟು ಮರ್ಯಾದೆ ಇರಲಿಲ್ಲ ಎಂದರೆ ಸುಳ್ಳಲ್ಲ.

ಅವನ ಕಿವಿಯನ್ನು ಮೊದಲು ಕಂಡುಹಿಡಿದವರು ನಮ್ಮ ಟೀಚರ್. ನಾವಿಬ್ಬರೂ ಅವರ ಹತ್ತಿರವೇ ಓದಿದವರು. ಅವರ ಉಕ್ತಲೇಖನ ಎಂದರೆ ಇಡೀ ಶಾಲೆ ನಡುಗುತ್ತಿತ್ತು. ಒಂದು ಸಾಲನ್ನು ಎರಡೇ ಸಲ ಹೇಳುತ್ತಿದ್ದರು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಎರಡನೆಯ ಸಲ ಹೇಳುವಾಗ ಎಲ್ಲರೂ ಬರೆಯುವುದನ್ನು ನಿಲ್ಲಿಸಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳಬೇಕಿತ್ತು. ಉಳಿದ ಮಕ್ಕಳು ‘ಸಂಭಂದ’ ಎಂದೋ ‘ಸಂಬಂದ’ ಎಂದೋ ಬರೆದು ಏಟು ತಿನ್ನುವಾಗ ಅಣ್ಣ ಒಬ್ಬನೇ ‘ಸಂಬಂಧ’ ಎಂದು ಬರೆದಿರುತ್ತಿದ್ದ. ಓದಿ ಕಲಿತದ್ದಲ್ಲ, ಅವನಿಗೆ ಹಾಗೆ ಕೇಳಿಸುತ್ತಿತ್ತು ಅಷ್ಟೆ. ಈ ಹುಡುಗನ ಕಿವಿ ನನ್ನ ನಾಲಿಗೆಗಿಂತ ಚುರುಕು ಎಂದು ಟೀಚರ್ ಎಲ್ಲರೆದುರು ಹೇಳಿದ್ದರು. ಅವನು ಕಡ್ಡಿಯ ಹಾಗಿದ್ದದ್ದರಿಂದ ಅವನಿಗೆ ‘ಅಲ್ಪಪ್ರಾಣ’ ಎಂದು ಹೆಸರಿಟ್ಟರು. ನಾನು ದುಂಡಗಿದ್ದೆ, ಬಾಯಿಯೂ ದೊಡ್ಡದು. ನಾನು ‘ಮಹಾಪ್ರಾಣ’ ಆದೆ. ಐವತ್ತು ದಾಟಿದರೂ ಅವರಿಗೆ ನಾವು ಅವೇ.

ಟೀಚರಿಗೆ ತಪ್ಪು ಬರೆದವರ ಮೇಲೆ ಅಷ್ಟೇನೂ ಕೋಪವಿರಲಿಲ್ಲ. ಪಕ್ಕದವರ ಸ್ಲೇಟು ನೋಡಿ ಬರೆದವರಿಗೆ ಏಟು ಜಾಸ್ತಿ. ತೋರಿಸಿದವರಿಗೆ ಅದರ ಎರಡರಷ್ಟು. ನೋಡಿದವನು ಒಂದು ಸಾಲಿನ ಕಳ್ಳ, ತೋರಿಸಿದವಳು ಅವನನ್ನು ಜೀವನಪೂರ್ತಿ ದಡ್ಡ ಮಾಡ್ತಾಳೆ ಎನ್ನುತ್ತಿದ್ದರು. ಆ ಮಾತು ನನಗೆ ಹೇಳಿದ್ದೇ. ನಾನು ನನ್ನ ಪಕ್ಕದವನಿಗೆ ಸ್ಲೇಟು ತಿರುಗಿಸಿ ಸಿಕ್ಕಿಬಿದ್ದಿದ್ದೆ.

ಅಪ್ಪ ಹೋದಾಗ ಅಣ್ಣನಿಗೆ ಹದಿನೇಳು. ಓದು ಬಿಟ್ಟು ಕಸುಬಿಗೆ ಬಿದ್ದು ನನ್ನನ್ನು ಓದಿಸಿದ, ಮದುವೆ ಮಾಡಿದ. ಗಂಡ ಸತ್ತ ಮೇಲೆ ನಾನು ವಾಪಸ್ಸು ಬಂದೆ, ಯಾಕೆ ಬಂದೆ ಎಂದು ಅವನು ಒಂದು ದಿನವೂ ಕೇಳಲಿಲ್ಲ. ತಾನು ಮದುವೆಯಾಗಲಿಲ್ಲ. ಕೇಳಿದರೆ, ದಿನವಿಡೀ ಗೀಸರುಗಳ ಗೊಣಗಾಟ ಕೇಳಿ ಬರ್ತೀನಿ, ಮನೇಲಿ ಇನ್ನೊಂದು ಬೇಡ ಎನ್ನುತ್ತಿದ್ದ. ಫೋನು ತೆಗೆದುಕೊಳ್ಳುವುದು, ಸಾಮಾನು ತರುವುದು, ಸ್ಕೂಟರಿನ ಹಿಂದೆ ಚೀಲ ಹಿಡಿದು ಕೂರುವುದು ನನ್ನ ಕೆಲಸವಾಯಿತು.

ಅವನ ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ. ಫೋನು ಪಕ್ಕದಲ್ಲೇ ಬಡಿದುಕೊಳ್ಳುತ್ತಿದ್ದರೂ ಪತ್ರಿಕೆ ಓದುತ್ತ ಕೂತಿರುತ್ತಿದ್ದ. ನಲ್ಲಿ ಬಿಟ್ಟು ಹಾಗೇ ಬಂದುಬಿಡುತ್ತಿದ್ದ. ಮಾತಾಡುವಾಗ ಕಣ್ಣು ನೋಡುತ್ತಿದ್ದವನು ತುಟಿ ನೋಡತೊಡಗಿದ. ಗೀಸರಿನ ಮುಂದೆ ಸ್ಕ್ರೂಡ್ರೈವರು ಕಿವಿಯ ಹಿಂದಿನಿಂದ ಕೆನ್ನೆಗೆ ಬಂತು, ಕೆನ್ನೆಯಿಂದ ಹಲ್ಲಿಗೆ ಬಂತು. ಹಿಡಿಯನ್ನು ಕಚ್ಚಿಕೊಂಡು ನಿಲ್ಲುತ್ತಿದ್ದ. ನೋಡಿದವರು ಇದೇನೋ ಹೊಸ ವಿದ್ಯೆ ಎಂದುಕೊಂಡು ಇನ್ನಷ್ಟು ಭಕ್ತಿಯಿಂದ ನಿಂತರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಚೀಲದೊಳಗೆ ಕೈ ಹಾಕಿ ಏನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದೆ.

ಹಾಗೆ ಕೈ ಹಾಕಿದ್ದೇ ಮುಂದಿನದಕ್ಕೆಲ್ಲ ಮೂಲ. ಒಂದು ಮನೆಯಲ್ಲಿ ಗೀಸರು ಗೊಟಗೊಟ ಎನ್ನುತ್ತಿತ್ತು, ನನಗೇ ಬಾಗಿಲ ಬಳಿ ಕೇಳುತ್ತಿತ್ತು. ಅಣ್ಣ ಹಿಡಿ ಕಚ್ಚಿಕೊಂಡು ನಿಂತೇ ಇದ್ದ. ಹೊತ್ತು ಹೋಯಿತು. ಅವನ ಹಣೆಯಲ್ಲಿ ಬೆವರು ಬಂತು. ನಾನು ತಡೆಯಲಾರದೆ ಚೀಲದಿಂದ ಸ್ಪ್ಯಾನರು ತೆಗೆದೆ. ಅಣ್ಣ ನನ್ನ ಕೈ ನೋಡಿದ, ಸದ್ದಿದೆ ಎಂದ. ಮುಂದಿನ ಮನೆಯಲ್ಲಿ ಗೀಸರು ಸುಮ್ಮನಿತ್ತು. ನಾನು ಪೆನ್ನು ತೆಗೆದೆ. ಸದ್ದಿಲ್ಲ ಎಂದ.

ಅಂದಿನಿಂದ ಹಾಗೆಯೇ ನಡೆಯಿತು. ಸ್ಪ್ಯಾನರು ತೆಗೆದರೆ ಸದ್ದಿದೆ, ಪೆನ್ನು ತೆಗೆದರೆ ಸದ್ದಿಲ್ಲ. ಈ ವಿಷಯ ನಾವಿಬ್ಬರೂ ಒಮ್ಮೆಯೂ ಆಡಿಕೊಳ್ಳಲಿಲ್ಲ. ಅಣ್ಣ ನಾಟಕ ಮಾಡುತ್ತಿದ್ದ ಎಂದು ನೀವು ತಿಳಿಯಬಾರದು. ನನ್ನ ಕೈ ನೋಡಿದ ಗಳಿಗೆಯಲ್ಲಿ ಅವನಿಗೆ ನಿಜವಾಗಿ ಕೇಳಿಸಿದಂತೆ ಆಗುತ್ತಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ತನ್ನ ಕಿವಿ ಇನ್ನೂ ಗಟ್ಟಿ ಎಂದು ಅವನು ನಂಬಿದ್ದ. ಆ ನಂಬಿಕೆಯನ್ನು ದಿನಾ ನೀರು ಹಾಕಿ ಬೆಳೆಸಿದವಳು ನಾನು. ಕಿವಿ ಹೋಯಿತೆಂದು ಊರಿಗೆ ತಿಳಿದರೆ ಮಾರನೆಯ ದಿನದಿಂದ ಫೋನು ಬರುವುದಿಲ್ಲ, ಫೋನು ಬರದಿದ್ದರೆ ಅಣ್ಣ ಬದುಕಿರುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಅವನಿಗೆ ಆ ಕಿವಿಯ ಹೊರತು ಬೇರೆ ಆಸ್ತಿಯಿಲ್ಲ, ಬೇರೆ ಸಂತೋಷವೂ ಇಲ್ಲ.

ಕೆಟ್ಟದ್ದು ಶುರುವಾದದ್ದು ಒಂದು ಜಗಳದಿಂದ. ಬೆಳಿಗ್ಗೆ ಬೀದಿ ದಾಟುವಾಗ ಲಾರಿಯವನು ಹಾರನ್ನು ಹೊಡೆದೇ ಹೊಡೆದ, ಅಣ್ಣ ತಿರುಗಿಯೂ ನೋಡಲಿಲ್ಲ. ಬ್ರೇಕು ಕಿರುಚಿತು, ಲಾರಿಯ ಗಾಳಿ ಅವನ ಅಂಗಿ ಹಾರಿಸಿತು. ಮನೆಗೆ ಬಂದವಳೇ ನಾನು ಮೂರು ವರ್ಷ ನುಂಗಿಕೊಂಡದ್ದನ್ನೆಲ್ಲ ಕಾರಿದೆ. ಕಿವಿಗೆ ಮಿಷನ್ ಹಾಕಿಸಿಕೋ ಎಂದೆ. ಅವನು ನನ್ನ ಕಿವಿಗೆ ಏನಾಗಿದೆ ಎಂದ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಬಾಳು ಎಂದೆ. ಅದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಬಾರದ್ದು ಯಾವ ಕಿವುಡನಿಗೂ ಕೇಳುತ್ತದೆ. ಚೀಲ ತಾನೇ ಎತ್ತಿಕೊಂಡು, ಇವತ್ತು ನೀನು ಬರೋದು ಬೇಡ ಎಂದು ಹೊರಟ.

ಆ ದಿನ ಹೋಗಬೇಕಾಗಿದ್ದದ್ದು ಟೀಚರ ಮನೆಗೆ. ಗೀಸರು ಬೆಣಚುಕಲ್ಲು ಕುದಿಸಿದ ಹಾಗೆ ಸದ್ದು ಮಾಡ್ತಿದೆ, ಬಂದು ನೋಡಿ ಎಂದು ಹಿಂದಿನ ದಿನ ಅವರೇ ಫೋನು ಮಾಡಿದ್ದರು. ಅದು ನನಗೆ ನೆನಪಿತ್ತು. ಹಿಂದೆಯೇ ಓಡಬಹುದಿತ್ತು. ಹೋಗಲಿ, ಒಂದು ಸಲ ಮುಖಭಂಗವಾಗಲಿ, ಆಗ ಬುದ್ಧಿ ಬರುತ್ತೆ ಎಂದುಕೊಂಡು ಬಾಗಿಲು ಹಾಕಿಕೊಂಡೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಆ ಸಿಟ್ಟಿಗಾಗಿ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಅವನು ಮಧ್ಯಾಹ್ನ ಬಂದಾಗ ಮುಖದಲ್ಲಿ ಗೆದ್ದ ಕಳೆ ಇತ್ತು. ಟೀಚರ ಗೀಸರಿಗೆ ಏನೂ ಆಗಿಲ್ಲವಂತೆ. ಮೂರು ಸಲ ಕೇಳಿದನಂತೆ, ಹಲ್ಲಿಗೆ ಆನಿಸಿ, ಕೆನ್ನೆಗೆ ಆನಿಸಿ, ಕಿವಿಗೆ ಆನಿಸಿ. ಚೀಟಿಯಲ್ಲಿ ತಾನೇ ಬರೆದು ಬಂದನಂತೆ. ಏನು ಬರೆದೆ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ.

“ಸದ್ದಿಲ್ಲ.”

ಟೀಚರಿಗೆ ಕೇಳಿಸಿತ್ತಲ್ಲ ಎಂದೆ. ಅವರಿಗೆ ಎಂಬತ್ತಾಯ್ತು, ಪಾಪ, ವಯಸ್ಸಿಗೆ ಕಿವಿ ಏನೇನೋ ಹೇಳುತ್ತೆ ಎಂದು ಕನಿಕರದಿಂದ ಅಂದ. ಬೆಳಿಗ್ಗೆಯಷ್ಟೇ ಅಷ್ಟು ಚುಚ್ಚಿ ಮಾತಾಡಿದ್ದೆ, ಮತ್ತೆ ಅದೇ ಗಾಯದ ಮೇಲೆ ಬರೆ ಎಳೆಯುವುದು ನನ್ನಿಂದಾಗಲಿಲ್ಲ. ಒಂದೆರಡು ದಿನ ಬಿಟ್ಟು ಯಾವುದೋ ನೆಪ ಹೇಳಿ ಇಬ್ಬರೂ ಹೋದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ನೆಪ ಸಿಗಲಿಲ್ಲ. ಇಲ್ಲದ ಸದ್ದನ್ನು ಎರಡನೆಯ ಸಲ ಕೇಳಲು ಹೋಗೋಣ ಎಂದು ಅವನಿಗೆ ಹೇಗೆ ಹೇಳುವುದು? ಅವನು ಬರೆದ ಚೀಟಿಯನ್ನು ಅವನೇ ಹೊಡೆದುಹಾಕಬೇಕು. ಮೂವತ್ತೈದು ವರ್ಷದಲ್ಲಿ ಹಾಗೆ ಆಗಿಯೇ ಇರಲಿಲ್ಲ. ಹತ್ತು ದಿನವಾದ ಮೇಲೆ ಟೀಚರ್ ಒಮ್ಮೆ ಫೋನು ಮಾಡಿದರು. ಸದ್ದು ಇನ್ನೂ ಇದೆ ಎಂದರು, ಆದರೆ ಹೇಳುವಾಗ ಮೊದಲಿನ ಜೋರಿರಲಿಲ್ಲ, ತಮ್ಮದೇ ತಪ್ಪಿರಬೇಕು ಎನ್ನುವ ದನಿ. ನೋಡೋಣ ಟೀಚರ್ ಎಂದೆ. ಆ ನೋಡೋಣದಲ್ಲಿ ಮೂರು ವಾರ ಹೋಯಿತು.

ಆಮೇಲೊಂದು ಬೆಳಿಗ್ಗೆ ಮತ್ತೆ ಫೋನು. ಈ ಸಲ ಅವರ ದನಿ ಹಗುರವಾಗಿತ್ತು. ಏನಮ್ಮ ಮಹಾಪ್ರಾಣ, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ, ಅಣ್ಣನಿಗೆ ಹೇಳು ಬೇಜಾರು ಮಾಡ್ಕೋಬಾರದು ಅಂತ ಎಂದರು. ಯಾಕೆ ಟೀಚರ್ ಎಂದೆ.

“ಕಿವಿ ಡಾಕ್ಟರ ಹತ್ರ ಹೋಗಿದ್ದೆ ಕಣಮ್ಮ. ಅಲ್ಪಪ್ರಾಣನ ಕಿವಿಗೆ ಕೇಳದೆ ಇರೋ ಸದ್ದು ನನ್ನ ಕಿವಿಗೆ ಕೇಳುತ್ತೆ ಅಂದ್ರೆ ಅದು ಗೀಸರಲ್ಲಿ ಇರೋಕೆ ಸಾಧ್ಯವಾ? ನನ್ನ ತಲೆಯೊಳಗೇ ಇರ್ಬೇಕು. ಡಾಕ್ಟರೂ ಅದೇ ಅಂದ್ರು, ಈ ವಯಸ್ಸಿಗೆ ಗುಂಯ್ಗುಡೋದು ಸಹಜವಂತೆ. ಕಿವಿಗೆ ಹಾಕ್ಕೊಳ್ಳೋಕೆ ಔಷಧಿ ಕೊಟ್ಟಿದ್ದಾರೆ.”

ಬೆಳಿಗ್ಗೆ ಸ್ನಾನದ ಹೊತ್ತಿಗೇ ಜಾಸ್ತಿ ಯಾಕೆ ಎಂದು ಅವರು ಡಾಕ್ಟರನ್ನು ಕೇಳಿದ್ದರಂತೆ. ಎದ್ದ ಹೊತ್ತಿನಲ್ಲಿ ರಕ್ತದ ಓಟ ಹೆಚ್ಚಿರುತ್ತದೆ, ಅದಕ್ಕೆ ಎಂದರಂತೆ ಅವರು. ಟೀಚರ್ ಅದನ್ನು ವಿವರಿಸುತ್ತಿದ್ದರು. ಅವರ ಮನೆಯ ಫೋನು ಇರುವುದು ನಡುವಿನ ಓಣಿಯಲ್ಲಿ, ಬಚ್ಚಲ ಗೋಡೆಗೆ ತಾಗಿಕೊಂಡು. ನನಗೆ ಅವರ ಮಾತಿನ ಹಿಂದೆ ಇನ್ನೊಂದು ಸದ್ದು ಕೇಳುತ್ತಿತ್ತು. ಗೊಟಗೊಟ, ಗೊಟಗೊಟ, ನಡುನಡುವೆ ಯಾರೋ ಒಳಗಿನಿಂದ ತಗಡು ಗುದ್ದಿದ ಹಾಗೆ. ಮೂರು ವರ್ಷ ಅಣ್ಣನ ಕಿವಿಯಾಗಿ ದುಡಿದವಳು ನಾನು. ಆ ಸದ್ದು ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ತಳದಲ್ಲಿ ಒಂದು ಬಕೆಟ್ಟು ಚಕ್ಕೆ ಕೂತಿರುವ ಸದ್ದು ಅದು.

ಗೀಸರು ಆರಿಸಿ ಟೀಚರ್, ಮತ್ತೆ ಹಾಕಬೇಡಿ. ಇಷ್ಟೇ ಹೇಳಬೇಕಾಗಿದ್ದದ್ದು. ಆರು ವರ್ಷದ ಮಗುವೂ ಹೇಳಬಲ್ಲ ಮಾತು. ಯಾಕೆ ಎಂದು ಅವರು ಕೇಳುತ್ತಿದ್ದರು. ಸದ್ದಿದೆ ಎನ್ನಬೇಕಾಗುತ್ತಿತ್ತು. ಹಾಗಾದರೆ ಅಣ್ಣನಿಗೆ ಯಾಕೆ ಕೇಳಲಿಲ್ಲ ಎನ್ನುತ್ತಿದ್ದರು.

“ನಾಳೆ ಬರ್ತೀನಿ ಟೀಚರ್,” ಎಂದೆ.

ಬಾಮ್ಮ, ಬಂದು ಮಾತಾಡಿಕೊಂಡು ಹೋಗು ಎಂದು ಅವರು ಫೋನಿಟ್ಟರು.

ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಬರೆದವನಿಗೆ ಅರ್ಧವೇ ಗೊತ್ತಿತ್ತು. ನಾಳೆ ಎಂದವಳು ನಾನು, ಹಾಳಾದದ್ದು ಬೇರೆಯವರ ಮನೆ. ಮೊದಲನೆಯ ದಿನ ಅಣ್ಣನ ಜೊತೆ ಎರಡು ಕಡೆ ಕೆಲಸವಿತ್ತು. ಎರಡನೆಯ ದಿನ ಮೆಟ್ಟಿಲ ತನಕ ಹೋಗಿ, ಅವರಿಗೆ ಏನು ಹೇಳುವುದೆಂದು ಹೊಳೆಯದೆ ವಾಪಸ್ಸು ಬಂದೆ. ಮೂರನೆಯ ದಿನ ಅಣ್ಣನಿಗೇ ಎಲ್ಲ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅವನು ತುಟಿ ನೋಡುತ್ತ ಮಗುವಿನಂತೆ ಕಾದ. ಚಹಾ ಮಾಡ್ಲಾ ಎಂದೆ. ನಾಲ್ಕನೆಯ ದಿನ ಏನು ಮಾಡಿದೆನೋ ನೆನಪಿಲ್ಲ. ಐದನೆಯ ದಿನ ಬೆಳಿಗ್ಗೆ ಎಂಟಕ್ಕೆ ಟೀಚರ ಎದುರು ಮನೆಯವರು ಫೋನು ಮಾಡಿದರು.

ಕಾಯಿಲಿನ ಮೇಲೆ ಮಾತ್ರ ಸುಣ್ಣ ಕಟ್ಟುವುದಾಗಿದ್ದರೆ ಕರೆಂಟು ದಂಡವಾಗುತ್ತಿತ್ತು, ನೀರು ಕಾಯುವುದು ತಡವಾಗುತ್ತಿತ್ತು, ಅಷ್ಟೆ. ಆದರೆ ನೀರು ಇಷ್ಟು ಬಿಸಿಯಾದರೆ ನಿಲ್ಲಿಸು ಎಂದು ಹೇಳುವ ಥರ್ಮೋಸ್ಟ್ಯಾಟಿನ ಕಡ್ಡಿಗೂ ಸುಣ್ಣ ಹತ್ತುತ್ತದೆ. ಪೊರೆ ದಪ್ಪವಾದಂತೆ ಅದಕ್ಕೆ ಬಿಸಿ ತಿಳಿಯುವುದಿಲ್ಲ, ಅದೂ ಕಿವುಡಾಗುತ್ತದೆ. ಒತ್ತಡ ಹೆಚ್ಚಾದರೆ ಹೊರಗೆ ಬಿಡಬೇಕಾದ ಸಣ್ಣ ವಾಲ್ವಿನ ಬಾಯಿಯನ್ನೂ ಸುಣ್ಣವೇ ಮುಚ್ಚುತ್ತದೆ. ಆಮೇಲೆ ಅದು ಗೀಸರಲ್ಲ, ಗೋಡೆಗೆ ನೇತುಹಾಕಿದ ಬಾಂಬು. ಟೀಚರ್ ನಲ್ಲಿ ತಿರುಗಿಸಿದಾಗ ಮೊದಲು ಹಬೆ ಬಂದಿದೆ. ಏನೆಂದು ನೋಡಲು ಅವರು ಹತ್ತಿರ ಬಾಗಿದ್ದಾರೆ. ಅಷ್ಟರಲ್ಲಿ ಮೇಲಿನ ಕೊಳವೆ ಬುಡದಲ್ಲಿ ಕಿತ್ತುಕೊಂಡು, ಕುದಿಯುವುದಕ್ಕಿಂತ ಹೆಚ್ಚು ಕಾದಿದ್ದ ನೀರೆಲ್ಲ ಅವರ ಮೇಲೆ ಬಿತ್ತು. ಬಲ ಭುಜದಿಂದ ಹೊಟ್ಟೆಯವರೆಗೆ, ಎರಡೂ ತೊಡೆ. ಕಿರುಚಿದ್ದು ಕೇಳಿ ಎದುರು ಮನೆಯವರು ಬಾಗಿಲು ಒಡೆದು ಆಸ್ಪತ್ರೆಗೆ ಸೇರಿಸಿದರಂತೆ.

ಮೂರು ದಿನ ಕಳೆದ ಮೇಲೆ ಅಣ್ಣ ಅವರ ಮನೆಗೆ ಹೋಗಿ ಗೀಸರು ಇಳಿಸಿದ. ನಾನೂ ಹೋಗಿದ್ದೆ. ಬಚ್ಚಲ ನೆಲದಲ್ಲಿ ಅವರ ಒಂದು ಚಪ್ಪಲಿ, ಒದ್ದೆಯಾಗಿ ಒಣಗಿದ್ದ ಟವೆಲ್ಲು, ಕಿಟಕಿಯ ಮೇಲೆ ಕಿವಿಗೆ ಹಾಕುವ ಔಷಧಿಯ ಪುಟ್ಟ ಬಾಟಲಿ. ಕೊಳವೆಗೆ ಕಟ್ಟಿದ್ದ ಚೀಟಿ ನೆನೆದು ಸುಕ್ಕುಗಟ್ಟಿತ್ತು, ಆದರೂ ಅಕ್ಷರ ಅಳಿಸಿರಲಿಲ್ಲ. ಅಣ್ಣನ ಅಕ್ಷರ ಶಾಲೆಯಿಂದಲೂ ದುಂಡಗೆ.

ಬುಡ ಬಿಚ್ಚಿದಾಗ ಚಕ್ಕೆ ದೊಪದೊಪ ಎಂದು ಸುರಿಯಿತು. ಬಕೆಟ್ಟು ತುಂಬಿ ಇನ್ನೂ ಉಳಿಯಿತು. ಕಾಯಿಲು ಎಲ್ಲಿದೆ ಎಂದೇ ಕಾಣಲಿಲ್ಲ, ಮೊಣಕೈ ದಪ್ಪದ ಬಿಳಿ ಕೊರಡು ಇತ್ತು ಅಷ್ಟೆ. ವಾಲ್ವನ್ನು ಬಿಚ್ಚಿ ತಟ್ಟಿದಾಗ ಒಳಗಿನಿಂದ ಒಂದು ಸುಣ್ಣದ ಕಲ್ಲು ಉದುರಿತು, ವಾಲ್ವಿನ ಗಂಟಲಿನ ಆಕಾರಕ್ಕೇ ಎರಕ ಹೊಯ್ದಂತೆ. ಅಣ್ಣ ಅದನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆಯೇ ಕೂತುಬಿಟ್ಟ.

“ನಾನು ನೋಡಿ ಐದೇ ವಾರ. ಐದು ವಾರದಲ್ಲಿ ಇಷ್ಟು ಕಟ್ಟೋಕೆ ಸಾಧ್ಯವಾ?” ಎಂದ. ನನ್ನ ತುಟಿಯನ್ನೇ ನೋಡುತ್ತಿದ್ದ.

ಸಾಧ್ಯವಿಲ್ಲ ಎಂದು ಅವನಿಗೆ ಗೊತ್ತಿತ್ತು. ಐದು ವರ್ಷದ ಸುಣ್ಣ ಅದು. ಗೊತ್ತಿದ್ದೇ ನನ್ನನ್ನು ಕೇಳುತ್ತಿದ್ದ, ಬೇರೆ ಏನಾದರೂ ಹೇಳು ಎಂದು ಬೇಡುವವನ ಹಾಗೆ. ನಾನು ಮತ್ತೆ ಸ್ಲೇಟು ತಿರುಗಿಸಿದೆ. ಹೊಸ ಬೋರಿನ ನೀರು ಬಿಡ್ತಿದ್ದಾರಲ್ಲ, ಅದು ಬಲು ಗಡಸಂತೆ ಎಂದೆ. ಅವನು ನಿಧಾನವಾಗಿ ತಲೆಯಾಡಿಸಿದ. ಮನೆ ತಲುಪುವ ಹೊತ್ತಿಗೆ ಅದನ್ನು ಪೂರ್ತಿ ನಂಬಿದ್ದ. ಸಿಕ್ಕವರಿಗೆಲ್ಲ ಅಂಗೈ ಬಿಚ್ಚಿ ಕಲ್ಲು ತೋರಿಸಿ, ನೋಡಿ ಈ ನೀರು ಏನು ಮಾಡಿತು ಎಂದು ಹೇಳಿದ. ಎಲ್ಲರೂ ನೀರಿಗೆ ಬೈದರು. ನೀರು ಬಾಯಿಲ್ಲದ್ದು, ಹೊತ್ತುಕೊಂಡಿತು.

ಆಸ್ಪತ್ರೆಯಲ್ಲಿ ನೋಡಲು ಬಿಟ್ಟದ್ದು ಹತ್ತನೆಯ ದಿನ. ಬದುಕುತ್ತಾರೆ ಎಂದು ಡಾಕ್ಟರು ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಹೆಂಗಸರ ವಾರ್ಡು, ಎರಡು ಸಾಲು ಮಂಚ. ಕಿಟಕಿಯ ಪಕ್ಕದ ಮಂಚದಲ್ಲಿ ಟೀಚರಿದ್ದರು. ಚರ್ಮಕ್ಕೆ ತಾಗಬಾರದೆಂದು ಹೊದಿಕೆಯನ್ನು ಒಂದು ಕಂಬಿಯ ಗೂಡಿನ ಮೇಲೆ ಹೊದಿಸಿದ್ದರು, ಅದರಿಂದ ಅವರ ಮುಖ ಇನ್ನಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ನಮ್ಮನ್ನು ನೋಡಿ ನಕ್ಕರು. ಅವರ ನಗು ನೋಡಿ ನನಗೆ ಅಲ್ಲಿಂದ ಓಡಿಹೋಗಬೇಕು ಎನ್ನಿಸಿತು.

ಅಣ್ಣ ಜೇಬಿನಿಂದ ಕಲ್ಲು ತೆಗೆದು ಅವರ ಕಣ್ಣಿನ ಮುಂದೆ ಹಿಡಿದ. ಟೀಚರ್, ಇದು ನೀರಿನ ಕೆಲಸ, ನಾನು ನೋಡಿದಾಗ ಸದ್ದಿರಲಿಲ್ಲ ಎಂದ. ಅವನ ದನಿ ವಾರ್ಡಿಗೆಲ್ಲ ಕೇಳುವಷ್ಟು ಜೋರಾಗಿತ್ತು. ಈಚೆಗೆ ಅವನು ಹಾಗೆಯೇ ಮಾತಾಡುವುದು.

ನನಗೆ ಗೊತ್ತಪ್ಪ, ನಿನ್ನ ಚೀಟಿ ನೋಡಿದ್ದೆ ಎಂದು ಟೀಚರ್ ಮೆಲ್ಲಗೆ ಹೇಳಿದರು. ಎಡಗೈಯ ಬೆರಳಿನಿಂದ ಅವನ ಮಣಿಕಟ್ಟು ಮುಟ್ಟಿದರು. ಅವನನ್ನು ಸಮಾಧಾನ ಮಾಡುತ್ತಿದ್ದರು, ಆ ಸ್ಥಿತಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿದರು.

“ಒಂದು ಒಳ್ಳೇದಾಯ್ತು ನೋಡು ಮಹಾಪ್ರಾಣ. ಇಲ್ಲಿಗೆ ಬಂದಾಗಿಂದ ತಲೇಲಿ ಆ ಸದ್ದಿಲ್ಲ. ಕಿವಿ ಡಾಕ್ಟರ ಔಷಧಿ ಹಿಡೀತು ಅಂತ ಕಾಣುತ್ತೆ.”

ಅಣ್ಣ ಅವರ ನಗುಮುಖ ನೋಡಿ ತಾನೂ ನಕ್ಕು ತಲೆಯಾಡಿಸುತ್ತಿದ್ದ. ಏನಂದ್ರು ಎಂದು ನನ್ನನ್ನು ಕೇಳಿದ. ಮೂರು ವರ್ಷದಿಂದ ಅವನು ಏನಂದ್ರು ಎಂದಾಗಲೆಲ್ಲ ನಾನು ಹೇಳುತ್ತ ಬಂದಿದ್ದೆ, ಬೇಕಾದ್ದನ್ನು ಸೇರಿಸಿ, ಬೇಡದ್ದನ್ನು ಬಿಟ್ಟು. ಈ ಮಾತನ್ನು ಅವನಿಗೆ ಹೇಗೆ ಹೇಳುವುದು? ಹೇಳದಿದ್ದರೆ ಟೀಚರ್ ತಮ್ಮ ಕಿವಿಯನ್ನೇ ಸುಳ್ಳು ಎಂದುಕೊಂಡು ಸಾಯುತ್ತಾರೆ. ಮೌನ ಬಂಗಾರ ಎನ್ನುವವರಿಗೆ ನನ್ನ ಬಂಗಾರವನ್ನೆಲ್ಲ ಆ ಮಂಚದ ಮೇಲೆ ತೋರಿಸಬೇಕಿತ್ತು.

ಬಾಗಿ, ಅವರ ಕಿವಿಯ ಹತ್ತಿರ ಹೇಳಿದೆ.

“ಆ ಸದ್ದು ನಿಮ್ಮ ತಲೇಲಿ ಇರ್ಲಿಲ್ಲ ಟೀಚರ್. ಗೀಸರಲ್ಲೇ ಇತ್ತು. ನೀವು ಫೋನ್ ಮಾಡಿದಾಗ ನನಗೂ ಕೇಳಿಸ್ತು.”

ಅವರ ಮುಖದಲ್ಲಿ ನಗು ಹಾಗೆಯೇ ಸ್ವಲ್ಪ ಹೊತ್ತು ಉಳಿಯಿತು, ಎತ್ತಿಡಲು ಮರೆತ ಸಾಮಾನಿನಂತೆ. ಏನಂದೆ, ಏನು ಹೇಳ್ತಿದ್ದೀಯ ಎಂದು ಅಣ್ಣ ಕೇಳಿದ. ಟೀಚರ್ ಅವನನ್ನು ನೋಡಿದರು. ಅವನ ಕಣ್ಣು ಎಲ್ಲಿದೆ ಎಂದು ನೋಡಿದರು. ಅದು ನನ್ನ ತುಟಿಯ ಮೇಲಿತ್ತು. ಮೂವತ್ತು ವರ್ಷ ಉಕ್ತಲೇಖನ ಬರೆಸಿದವರು ಅವರು. ಕೇಳಿ ಬರೆಯುವ ಮಗುವಿನ ಕಣ್ಣು ಎಲ್ಲಿರುತ್ತದೆ, ಪಕ್ಕದವರ ಸ್ಲೇಟು ನೋಡಿ ಬರೆಯುವ ಮಗುವಿನ ಕಣ್ಣು ಎಲ್ಲಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಯ್ಯೋ ಮಗುವೇ,” ಎಂದರು. ನನಗೆ ಹೇಳಿದರೋ ಅವನಿಗೆ ಹೇಳಿದರೋ ತಿಳಿಯಲಿಲ್ಲ. ಕಣ್ಣು ಮುಚ್ಚಿದರು. ಅವರು ಬೈಯಲಿ ಎಂದು ನಾನು ಕಾದೆ. ಕಣ್ಣು ತೆರೆದಾಗ ಅವರ ದನಿ ಬೇರೆಯಾಗಿತ್ತು, ಶಾಲೆಯ ದನಿ.

“ಅವನಿಗೆ 	ಕೇಳಿಸಿಲ್ಲ. ಇನ್ನೊಂದ್ಸಲ ಹೇಳು. ಗಟ್ಟಿಯಾಗಿ ಹೇಳು.”

ಅಣ್ಣನಿಗೆ ಹೇಳಬೇಕೆಂದರೆ ಪಿಸುಗುಟ್ಟುವಂತಿಲ್ಲ. ಇಷ್ಟು ವರ್ಷ ನಾನು ಆ ಮಾತಿಗೆ ಹೆದರಿದ್ದಕ್ಕೆ ಅದೂ ಒಂದು ಕಾರಣ. ಅವನಿಗೆ ಕೇಳಿಸಬೇಕಾದರೆ ಊರಿಗೆಲ್ಲ ಕೇಳಿಸಬೇಕು. ನಾನು ಎದ್ದು ನಿಂತು ಕೂಗಿದೆ.

“ಸದ್ದಿತ್ತು ಅಣ್ಣಾ. ನಿನಗೆ ಕೇಳಿಸಲಿಲ್ಲ. ಮೂರು ವರ್ಷದಿಂದ ನಿನಗೆ ಏನೂ ಕೇಳಿಸ್ತಿಲ್ಲ. ನಾನು ಸ್ಪ್ಯಾನರ್ ತೆಗೆದ್ರೆ ನೀನು ಸದ್ದಿದೆ ಅಂತೀಯ, ಪೆನ್ನು ತೆಗೆದ್ರೆ ಸದ್ದಿಲ್ಲ ಅಂತೀಯ. ಆ ದಿನ ನಾನು ಬರ್ಲಿಲ್ಲ.”

ಎರಡು ಸಾಲು ಮಂಚಗಳಿಂದ ಕತ್ತುಗಳು ನಮ್ಮ ಕಡೆ ತಿರುಗಿದವು. ಯಾರೋ ಹೆಂಗಸು ಎದ್ದು ಕೂತಳು. ನರ್ಸು ಬೇಗಬೇಗ ಬಂದು ಇದು ಆಸ್ಪತ್ರೆ, ಮೆಲ್ಲಗೆ ಮಾತಾಡಿ ಎಂದು ಗದರಿದಳು. ಟೀಚರ್ ಎಡಗೈ ಸ್ವಲ್ಪ ಎತ್ತಿ ಅವಳನ್ನು ಸುಮ್ಮನಿರಿಸಿದರು.

ಅಣ್ಣ ಅಂಗೈಯಲ್ಲಿದ್ದ ಕಲ್ಲನ್ನು ನೋಡಿದ. ಹೊದಿಕೆಯ ಕೆಳಗಿನ ಗೂಡನ್ನು ನೋಡಿದ. ಬೆರಳು ಮಡಚಿದಾಗ ಕಲ್ಲು ಪುಡಿಯಾಗಿ, ಬಿಳಿ ಹುಡಿ ಅವನ ಬೂಟಿನ ಮೇಲೆ ಉದುರಿತು.

“ಕೇಳಿಸ್ತೇನಪ್ಪ?” ಎಂದು ಟೀಚರ್ ಕೇಳಿದರು. ಅವರಿಗೆ ಸುಸ್ತಾಗಿತ್ತು, ಮಾತು ತುಟಿಯಿಂದ ಹೊರಗೆ ಬಂದದ್ದೇ ಕಡಿಮೆ.

ಅದು ಅವನಿಗೆ ಕೇಳಿಸಲಿಲ್ಲ. ಏನೋ ಕೇಳಿದರು ಎಂಬುದಷ್ಟೇ ತಿಳಿದು, ಏನು ಹೇಳಬೇಕೆಂದು ಅಭ್ಯಾಸದಂತೆ ನನ್ನ ಕೈ ನೋಡಿದ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.